ಬರ್ತೇವೆ ಎಂದು ಹೊರಟ ತಂಡ

ಮಕ್ಕಳೇ, ರಜೆ ಮುಗಿದು ವಾಮದಪದವಿನಿಂದ ಹೊರಡುವಾಗ ನೀವು "ಅಜ್ಜಿ, ಹೋಗ್ತೇವೆ" ಎಂದು ಹೇಳಿ ಕಾರು ಹತ್ತುತ್ತೀರಿ. ನಾನು ನಿಮ್ಮನ್ನು ಇಳಿಸಿ, ಜಗಲಿಯಲ್ಲಿ ಕೂರಿಸಿ, ಒಂದು ಗುಟುಕು ನೀರು ಕುಡಿಸಿ, "ಬರ್ತೇವೆ" ಎಂದು ಹೇಳಿಸಿ ಮತ್ತೆ ಹತ್ತಿಸುತ್ತೇನೆ. ನಿಮ್ಮ ಅಪ್ಪ ಹಾರ್ನ್ ಹೊಡೆಯುತ್ತಾನೆ. ಕಳೆದ ಸಲ ನಿಮ್ಮಲ್ಲಿ ಸಣ್ಣವಳು ಕೇಳಿದಳು, "ಹೋಗ್ತೇವೆ ಅಂದ್ರೆ ಎಂತ ಆಗ್ತದೆ ಅಜ್ಜಿ?" ಆಗ ನಾನು ಉತ್ತರ ಕೊಡಲಿಲ್ಲ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಕೊರೊನಾದ ಎರಡನೆಯ ಅಲೆ ಇಳಿಯುತ್ತಾ ಬಂದ ಮಳೆಗಾಲ ಅದು. ಮೂಡುಬಿದಿರೆಯ ಹೊರಗೆ ಒಂದು ಮದುವೆ ಹಾಲ್ ಉಂಟು. ಮದುವೆಗಳು ನಿಂತು ಹಾಲ್ ಖಾಲಿ ಬಿದ್ದಿತ್ತು. ಅಲ್ಲಿ ಒಂದು ರಗ್ಬಿ ತಂಡವನ್ನು ಇಳಿಸಿದ್ದರು. ಅವರಿಗೆ ಅಡುಗೆ ಮಾಡಲು ನನ್ನನ್ನು ಕರೆದರು. ರಗ್ಬಿ ಎಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಅವರ ಚೆಂಡು ಉರುಟಲ್ಲ, ಮಾಡಿಗೆ ಬಾಳೆಹಗ್ಗದಲ್ಲಿ ತೂಗಿಸುವ ಸೌತೆಕಾಯಿಯ ಹಾಗೆ ಇತ್ತು. ತಂಡದ ಕ್ಯಾಪ್ಟನ್ ಮಂಜೇಶ್ವರದ ಕಡೆಯವನು, ತುಳು ಮಾತಾಡುತ್ತಿದ್ದ. ಅವನೇ ಹೇಳಿಕೊಟ್ಟ: "ಅಮ್ಮ, ಕಬಡ್ಡಿ ಆಡುವವರನ್ನು ಕಂಬಳದ ಕೋಣಗಳ ಜೊತೆ ಗದ್ದೆಗೆ ಬಿಟ್ಟರೆ ಹೇಗೆ? ಅದೇ ರಗ್ಬಿ." ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ಆದರೆ ಜೊತೆಯವನಿಗೆ ಎಸೆಯುವಾಗ ಹಿಂದಕ್ಕೇ ಎಸೆಯಬೇಕು. ಮುಂದಕ್ಕೆ ಎಸೆದರೆ ತಪ್ಪು. ಇದು ಯಾವ ನ್ಯಾಯ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಅವರು ಸಂಬಳಕ್ಕೆ ಆಡುವವರು. ತಂಡ ಗಡಿಯಾಚೆ ಕೇರಳದ್ದು, ಹುಡುಗರು ಒಡಿಶಾ, ಬಂಗಾಳ, ಮಹಾರಾಷ್ಟ್ರದವರು. ಇಂಥ ಕೆಲವು ತಂಡಗಳ ಒಂದು ಕೂಟ ಇತ್ತು. ಒಂದು ಪಂದ್ಯ ತಮ್ಮ ಊರಿನಲ್ಲಿ ಆಡಿದರೆ ಇನ್ನೊಂದನ್ನು ಪರವೂರಿಗೆ ಹೋಗಿ ಆಡಬೇಕು. ಇವರು ಪರವೂರಿನ ಪಂದ್ಯ ಆಡಲು ಮೂಡುಬಿದಿರೆಗೆ ಬಂದವರು. ಕೇರಳದಿಂದ ಬಂದವರು ಎಂದು ಏಳು ದಿನ ಬಾಗಿಲು ಹಾಕಿ ಕೂರಿಸಿದರು. ಆಮೇಲೆ ಪಂದ್ಯ ಆಡಿದರು. ನೋಡುವವರು ಯಾರೂ ಇಲ್ಲ, ಗ್ಯಾಲರಿಯಲ್ಲಿ ನಾಯಿ ಮಲಗಿತ್ತಂತೆ. ಹಿಂದೆ ಹೋಗಬೇಕು ಎನ್ನುವಾಗ ತಲಪಾಡಿ ಗಡಿಯಲ್ಲಿ ಕಾನೂನು ಬಿಗಿಯಾಯಿತು. ಗಂಟಲ ದ್ರವ ಕೊಟ್ಟು ಎಪ್ಪತ್ತೆರಡು ಗಂಟೆ ದಾಟಿರಬಾರದು, ವರದಿ ನೆಗೆಟಿವ್ ಇರಬೇಕು, ಪಾಸ್ ಇರಬೇಕು. ದ್ರವ ಮಂಗಳೂರಿಗೆ ಹೋಗಿ ವರದಿ ಬರುವಷ್ಟರಲ್ಲಿ ಅರ್ಧ ಸಮಯ ಕಳೆದಿರುತ್ತಿತ್ತು. ಒಮ್ಮೆ ವರದಿ ಬರುವುದೇ ತಡವಾಗಿ, ಅವಧಿ ಮುಗಿದು, ಅವರಿಗೆ ತಮ್ಮ ಊರಿನ ಪಂದ್ಯಕ್ಕೇ ಹೋಗಲಾಗಲಿಲ್ಲ. ಎದುರಿನ ತಂಡ ಮೈದಾನದಲ್ಲಿ ನಿಂತು ಸೀಟಿ ಊದಿಸಿಕೊಂಡು ಗೆದ್ದಿತು.

ಕೂಟದ ನಿಯಮದ ಪ್ರಕಾರ ಎರಡು ಸಲ ಮೈದಾನಕ್ಕೆ ಬಾರದ ತಂಡ ಕೂಟದಿಂದ ಹೊರಗೆ. ತಂಡ ಹೊರಗೆ ಹೋದರೆ ಅದನ್ನು ನಡೆಸುವ ಕಂಪನಿ ಮುಚ್ಚಿಬಿಡುತ್ತದೆ, ಹುಡುಗರು ಅವರವರ ಊರಿಗೆ. ಆ ಕಾಲದಲ್ಲಿ ಊರಿಗೆ ಹೋದವನಿಗೆ ಯಾರು ಕೆಲಸ ಕೊಡುತ್ತಾರೆ? ಉಳಿದದ್ದು ಒಂದೇ ಪಂದ್ಯ, ಬೆಂಗಳೂರಿನಲ್ಲಿ. ಅಲ್ಲಿಗೆ ಹೇಗಾದರೂ ಹೋಗಿ ಮುಟ್ಟಬೇಕಿತ್ತು. ಗೆಲ್ಲುವ ಮಾತು ಯಾರೂ ಆಡುತ್ತಿರಲಿಲ್ಲ.

ನಾನಿದ್ದ ಕಡೆಯನ್ನು ಅವರು ಬಬಲ್ ಎನ್ನುತ್ತಿದ್ದರು, ಗುಳ್ಳೆ. ಒಳಗಿನವರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು. ತರಕಾರಿಯವ ಗೇಟಿನ ಹೊರಗೆ ಚೀಲ ಇಟ್ಟು ಗಂಟೆ ಬಾರಿಸುತ್ತಿದ್ದ. ನಾನು ಕೈಗವಸು ಹಾಕಿ ತಂದು, ಉಪ್ಪು ನೀರಿನಲ್ಲಿ ಮುಳುಗಿಸಿ, ಬಿಸಿಲಿಲ್ಲದ ಕಾರಣ ಫ್ಯಾನಿನ ಕೆಳಗೆ ಹರಡುತ್ತಿದ್ದೆ. ಬಡಿಸುವುದು ದೂರದಿಂದ. ಅವರು ತಟ್ಟೆ ತೊಳೆದು ಇಟ್ಟ ಮೇಲೆ ನಾನು ಮತ್ತೆ ಕುದಿಯುವ ನೀರು ಹೊಯ್ಯುತ್ತಿದ್ದೆ. ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಸೂತಕದ ಮನೆಯಲ್ಲಿ ಹೀಗೆಯೇ ಅಲ್ಲವೇ? ಆದರೆ ಸೂತಕಕ್ಕೆ ಕೊನೆಯ ದಿನ ಎಂದು ಒಂದಿರುತ್ತದೆ. ಇದಕ್ಕೆ ಇರಲಿಲ್ಲ. ಮುಗಿಯಿತು ಎನ್ನುವಾಗ ಮೊಬೈಲಿನಲ್ಲಿ ಹೊಸ ಆದೇಶ ಬರುತ್ತಿತ್ತು. ಕೈಯ ಚರ್ಮ ಸುಲಿದು, ಬೆರಳು ಬಗ್ಗಿಸಿದರೆ ಉರಿಯುತ್ತಿತ್ತು.

ಹಾಲ್ ಜೈನರದ್ದು. ಹಾಲಿಗೆ ತಾಗಿಯೇ ಧಣಿಗಳ ಮನೆ. ಎಪ್ಪತ್ತು ದಾಟಿದವರು, ಒಬ್ಬರೇ. ಅವರ ಮದುವೆ ಹಾಲಿನಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಕೂಡ ಒಳಗೆ ಬರುವ ಹಾಗಿಲ್ಲ. ಸೂರ್ಯ ಮುಳುಗಿದ ಮೇಲೆ ಒಲೆ ಉರಿಸುವ ಹಾಗಿಲ್ಲ. ಆಟಗಾರರಿಗೆ ಅಡುಗೆ ಎಂದರೆ ಕೋಳಿ ಸಾರು ಎಂದುಕೊಂಡು ಬಂದ ನಾನು ಪೇಚಿಗೆ ಬಿದ್ದೆ. ಹುರುಳಿ ನೆನೆಸಿ ಬೇಯಿಸಿ ಸಾರು, ಹೆಸರು ಮೊಳಕೆ, ಕಡಲೆ ಗಸಿ, ನೆಲಗಡಲೆ ಚಟ್ನಿ, ಹಾಲು, ಪನೀರು. ಹೀಗೆ ಸುತ್ತಿ ಸುತ್ತಿ ಅದನ್ನೇ ಮಾಡಿದೆ. ಒಡಿಶಾದ ಒಬ್ಬ ಹುಡುಗ ಬಾಗಿಲಲ್ಲಿ ಅಡ್ಡ ತಿರುಗಿ ಬರುವಷ್ಟು ದೊಡ್ಡವ. ಅವನು ಕ್ಯಾಪ್ಟನ್‌ನಿಂದ ಒಂದೇ ಒಂದು ತುಳು ಮಾತು ಕಲಿತಿದ್ದ, "ಅಮ್ಮ, ಬಡವಾಪುಂಡು." ಹಸಿವಾಗುತ್ತದೆ ಎಂದು. ಊಟ ಮುಗಿಸಿ ಕೈ ತೊಳೆಯುತ್ತಲೇ ಅದನ್ನು ಹೇಳುತ್ತಿದ್ದ.

ತಂಡದ ಮ್ಯಾನೇಜರ್ ಬಂಟ್ವಾಳ ಕಡೆಯವನು, ಮೊದಲು ಕಬಡ್ಡಿ ಪಂದ್ಯಾಟ ಮಾಡಿಸುತ್ತಿದ್ದವನು. ಅವನು ಧಣಿಗಳ ಹತ್ತಿರ ಹೋಗಿ, "ಮೊಟ್ಟೆ ಒಂದಕ್ಕಾದರೂ ಅವಕಾಶ ಕೊಡಿ" ಎಂದು ಕೇಳಿದ. ಧಣಿಗಳು ಸಿಟ್ಟಾಗಲಿಲ್ಲ. "ನಮ್ಮ ಮುನಿಗಳು ಮಳೆಗಾಲದಲ್ಲಿ ನಾಲ್ಕು ತಿಂಗಳು ಊರು ಬಿಟ್ಟು ಕದಲುವುದಿಲ್ಲ ಮಾರಾಯ. ದಿನಕ್ಕೆ ಒಂದು ಹೊತ್ತು ಊಟ. ನಿಮ್ಮ ಹುಡುಗರಿಗೆ ಮೂರು ಹೊತ್ತು ಉಂಟಲ್ಲ" ಎಂದರು.

"ಮುನಿಗಳು ರಗ್ಬಿ ಆಡುವುದಿಲ್ಲ ಧಣಿ" ಎಂದ ಮ್ಯಾನೇಜರ್.

"ಆಡಿದ್ದರೆ ಗೆಲ್ಲುತ್ತಿದ್ದರು" ಎಂದರು ಧಣಿಗಳು.

ಒಳಗಿದ್ದ ನನಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಗೆ ಹುಡುಗರ ಅಭ್ಯಾಸವನ್ನೇ ಮಧ್ಯಾಹ್ನಕ್ಕೆ ತಂದು, ಬೆಳಕಿರುವಾಗ ಉಂಡು, ಬೇಗ ಮಲಗುವ ಕ್ರಮ ಮಾಡಿಕೊಂಡರು.

ಧಣಿಗಳ ಹೆಂಡತಿ ಆ ವರ್ಷದ ಬೇಸಗೆಯಲ್ಲಿ ತೀರಿಕೊಂಡಿದ್ದರು. ಆಂಬುಲೆನ್ಸ್ ಬಂದು ಕರೆದುಕೊಂಡು ಹೋದದ್ದು, ಮತ್ತೆ ಮುಖ ನೋಡಲು ಬಿಟ್ಟಿರಲಿಲ್ಲ. ಹಾಲಿನ ಬುಕಿಂಗ್ ಎಲ್ಲ ನೋಡುತ್ತಿದ್ದದ್ದು ಅವರೇ. ಬೋರ್ಡಿನಲ್ಲಿ ಇದ್ದದ್ದು ಅವರ ಮೊಬೈಲಿನ ನಂಬರು. ಆ ಮೊಬೈಲು ಈಗ ಧಣಿಗಳ ಕಿಸೆಯಲ್ಲಿ. ಮೂರು ದಿನಕ್ಕೊಮ್ಮೆಯಾದರೂ ಗೊತ್ತಿಲ್ಲದವರು ಯಾರಾದರೂ ಫೋನ್ ಮಾಡಿ, "ಅಕ್ಕ ಇದ್ದಾರಾ?" ಎಂದು ಕೇಳುತ್ತಿದ್ದರು. ಧಣಿಗಳು, "ಈಗ ಇಲ್ಲ. ಆಮೇಲೆ ಮಾಡಿ" ಎಂದು ಇಡುತ್ತಿದ್ದರು. ನನ್ನ ಅಡುಗೆಮನೆಯ ಕಿಟಕಿ ಅವರ ಜಗಲಿಗೆ ಎದುರು, ಎಲ್ಲ ಕೇಳುತ್ತಿತ್ತು. ಆ ದಿನಗಳಲ್ಲಿ ಫೋನ್ ಬಂತು ಎಂದರೆ ಅದೇ ಒಂದು ಮಾತು, ಇಂಥವರು ಹೋದರು, ಅವರೂ ಹೋದರು. ಆ ಮಾತನ್ನು ಧಣಿಗಳು ಯಾರ ಬಗ್ಗೆಯೂ ಆಡುತ್ತಿರಲಿಲ್ಲ. ಹಾಲು ಕೊಡುವವ ಬಂದು ಮರಳಿದರೂ "ಹಾಲಿನವ ಹೋದ" ಎನ್ನುತ್ತಿರಲಿಲ್ಲ. ನನಗೆ ಅದು ಅರ್ಥವಾಗುತ್ತಿತ್ತು. ನಿಮ್ಮ ಅಜ್ಜ ಆಸ್ಪತ್ರೆಗೆ ಹೊರಟ ದಿನ ಜೀಪಿನ ಗಡಿಬಿಡಿಯಲ್ಲಿ ಏನೂ ಹೇಳದೆ ಹತ್ತಿದ್ದರು. ನಾನೂ ಹೇಳಿಸಲಿಲ್ಲ. ಅವರು ಮತ್ತೆ ಬರಲಿಲ್ಲ.

ಬೆಂಗಳೂರಿಗೆ ಹೊರಡುವ ತಯಾರಿ ಶುರುವಾಯಿತು. ಘಟ್ಟದಲ್ಲಿ ಮಳೆಗೆ ಗುಡ್ಡ ಜಾರಿ ದೊಡ್ಡ ಬಸ್ಸು ಬಿಡುತ್ತಿರಲಿಲ್ಲ. ಹಾಗಾಗಿ ಟೆಂಪೊ ಟ್ರಾವೆಲರ್, ಬೆಳ್ತಂಗಡಿ ದಾಟಿ ಚಾರ್ಮಾಡಿ ದಾರಿ. ಸಂಜೆ ಕತ್ತಲಾಗುವ ಮೊದಲು ಚಾರ್ಮಾಡಿ ಗೇಟು ಮುಚ್ಚುತ್ತಾರೆ. ಶುಕ್ರವಾರ ಕತ್ತಲಾದರೆ ವಾರಾಂತ್ಯದ ಕರ್ಫ್ಯೂ, ಗೇಟು ದಾಟಿ ದಾರಿಯಲ್ಲಿರುವವರನ್ನು ಬಿಟ್ಟು ಉಳಿದವರು ಸೋಮವಾರದವರೆಗೆ ಕದಲುವಂತಿಲ್ಲ. ಪಂದ್ಯ ಶನಿವಾರ ಮಧ್ಯಾಹ್ನ. ಕೇರಳದ ತಂಡ ಎಂದು ಈ ಗೇಟಿಗೂ ಅದೇ ಎಪ್ಪತ್ತೆರಡು ಗಂಟೆಯ ವರದಿ, ಅದೇ ಪಾಸ್. ಮಂಗಳವಾರ ಸಿಸ್ಟರ್ ಬಂದು ಗಂಟಲ ದ್ರವ ತೆಗೆದರು. ಅಡುಗೆಯವಳದ್ದು ಮೊದಲು ಆಗಲಿ, ಒಲೆ ಹತ್ತಿಸಬೇಕಲ್ಲ ಎಂದು ನನ್ನದನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ತೆಗೆದರು. ಹುಡುಗರದ್ದು ಅಭ್ಯಾಸ ಮುಗಿಸಿ ಬಂದ ಮೇಲೆ, ಸಂಜೆ. ಎಲ್ಲರದ್ದೂ ನೆಗೆಟಿವ್ ಬಂದದ್ದು ಗುರುವಾರ. ಪಾಸ್ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ನಾನೂ ಅವರ ಜೊತೆ ಹೋಗಬೇಕಿತ್ತು. ಹೊರಗಿನ ಊಟ ಮುಟ್ಟುವ ಹಾಗಿಲ್ಲ ಎಂಬುದು ಗುಳ್ಳೆಯ ನಿಯಮ.

ಗುರುವಾರ ಮಧ್ಯಾಹ್ನವೇ ಉದ್ದು ಅಕ್ಕಿ ರುಬ್ಬಿಟ್ಟೆ. ಕೇದಗೆ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯಂತೆ ಸುತ್ತಿ ಮುಳ್ಳಿನಿಂದ ಚುಚ್ಚಿ ನಿಲ್ಲಿಸಿದೆ. ಮೂಡೆ ಎಂದರೆ ನಿಮಗೆ ಗೊತ್ತಲ್ಲ, ಎಲೆಯ ಕೊಳವೆಯಲ್ಲಿ ಬೇಯಿಸುವ ಇಡ್ಲಿ. ಎಲೆ ಬಿಚ್ಚದಿದ್ದರೆ ಮರುದಿನಕ್ಕೂ ಕೆಡುವುದಿಲ್ಲ. ತೆಂಗಿನಕಾಯಿ ಚಟ್ನಿ ಹಳಸುತ್ತದೆ ಎಂದು ಹುರುಳಿಯನ್ನು ಹುರಿದು ಮೆಣಸು, ಹುಣಸೆ ಸೇರಿಸಿ ಪುಡಿ ಮಾಡಿದೆ. ಶುಕ್ರವಾರ ಬೆಳಕು ಹರಿದ ಮೇಲೆ ಒಲೆ ಹಚ್ಚಿ ಮೂಡೆ ಬೇಯಿಸಿದೆ. ಬೆತ್ತದ ಬುಟ್ಟಿಗೆ ಬಾಳೆಲೆ ಹಾಸಿ ಜೋಡಿಸಿದೆ.

ಹೊರಡುವಾಗ ನಾನು ಅಡುಗೆಮನೆಯಿಂದ ಈಚೆ ಬರಲಿಲ್ಲ. ಹೊರಡುವವರ ಎದುರಿಗೆ ನನ್ನಂಥವಳು ಬರಬಾರದು ಎಂಬ ರೂಢಿ ಉಂಟಲ್ಲ. ಎಲ್ಲರೂ ಹತ್ತಿದ ಮೇಲೆ ಹಿಂದಿನಿಂದ ಹತ್ತುವ ಎಂದುಕೊಂಡಿದ್ದೆ. ಕಿಟಕಿಯಿಂದ ನೋಡುತ್ತಿದ್ದೆ. ಹುಡುಗರು ಒಬ್ಬೊಬ್ಬರೇ ಜಗಲಿಯ ಕೆಳಗೆ ದೂರ ನಿಂತು ಧಣಿಗಳಿಗೆ ಕೈ ಮುಗಿದರು. ಬಂಗಾಳದ ಒಬ್ಬ "ಜಾತಾ ಹೂಂ" ಎಂದ, ಹೋಗ್ತೇನೆ ಎಂದು. ಧಣಿಗಳಿಗೆ ಅಷ್ಟು ಹಿಂದಿ ಬರುತ್ತದೆ. "ಏಯ್, ಕೂತುಕೋ" ಎಂದು ಅವನನ್ನು ಮೆಟ್ಟಿಲ ಮೇಲೆ ಕೂರಿಸಿದರು. ನೀರು ಕುಡಿಸಿ, "ಬರ್ಪೆ ಎಂದು ಹೇಳು" ಎಂದರು. ತುಳುವಿನಲ್ಲಿ ಬರ್ತೇನೆ ಎಂದು. ಅವನು "ಬರ್ಪೆ" ಎಂದ. ಆಮೇಲೆ ಕ್ಯಾಪ್ಟನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಬರ್ತೇವೆ ಧಣಿಗಳೇ" ಎಂದು ಒಟ್ಟಿಗೆ ಹೇಳಿಸಿದ. ಮಕ್ಕಳು ಶಾಲೆಯಲ್ಲಿ ಹೇಳಿದ ಹಾಗೆ ಕೇಳಿತು.

ಕ್ಯಾಪ್ಟನ್ ಅಡುಗೆಮನೆಗೆ ಬಂದು, "ಅಮ್ಮ ಎಲ್ಲಿ? ನೀವು ಡ್ರೈವರ್ ಹತ್ತಿರ ಎದುರು ಸೀಟು" ಎಂದ. ನಾನು ಬೇಡ ಎಂದೆ.

"ಶಕುನ ಕೆಟ್ಟರೂ ಇದಕ್ಕಿಂತ ಹೆಚ್ಚು ಕೆಡಲಿಕ್ಕೆ ನಮ್ಮಲ್ಲಿ ಇನ್ನೇನುಂಟು ಅಮ್ಮ? ಬನ್ನಿ" ಎಂದು ಅವನೇ ಬುಟ್ಟಿ ಎತ್ತಿಕೊಂಡ.

ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಎಲ್ಲ ಕಡೆ ಅರ್ಧ ಮುಚ್ಚಿದ ಅಂಗಡಿಗಳು. ಚಾರ್ಮಾಡಿ ಗೇಟಿಗೆ ಮುಟ್ಟಿದಾಗ ಮಳೆ ಹನಿಯುತ್ತಿತ್ತು. ಮಧ್ಯಾಹ್ನ ಆಗಿರಲಿಲ್ಲ, ಬೇಕಾದಷ್ಟು ಸಮಯ ಉಂಟು ಎಂದು ಮ್ಯಾನೇಜರ್ ಪಾಸ್ ಹಿಡಿದು ಇಳಿದ. ತಗಡಿನ ಮಾಡಿನ ಕೆಳಗೆ ಕಂಪ್ಯೂಟರ್ ಇಟ್ಟುಕೊಂಡು ಒಬ್ಬ ಸಾಹೇಬರು ಕೂತಿದ್ದರು. ಘಟ್ಟದ ಮೇಲಿನ, ಬಿಜಾಪುರದ ಕಡೆಯ ಮಾತು. ಪಾಸಿನ ನಂಬರು ಒತ್ತಿ ನೋಡಿ, "ಇದು ಆಗಂಗಿಲ್ರೀ" ಎಂದರು.

"ಯಾಕೆ ಸಾರ್? ಎಲ್ಲ ಸರಿ ಉಂಟಲ್ಲ?"

"ನೀವು ಇವತ್ತು ಕೇರಳದಿಂದ ಬರೋವ್ರು ಅಂತ ಐತಿ. ಏಳು ದಿನ ಹಾಲಿನ್ಯಾಗ ಇರಬೇಕು. ಪಾಸ್ ತಡೆದಾರ."

"ನಾವು ಬಂದು ತಿಂಗಳು ದಾಟಿತು ಸಾರ್! ಏಳು ದಿನ ಎಲ್ಲ ಆಗಿ ಹಳತಾಯ್ತು."

"ನನಗ್ಯಾಕ ಹೇಳ್ತೀರಿ? ಮುಂಜಾನೆ ಕಂಟ್ರೋಲ್ ರೂಮಿನವರು ಹಾಲಿಗೆ ಫೋನ್ ಮಾಡಿ ಕೇಳ್ಯಾರ, ಕೇರಳದ ತಂಡ ಹೋತೇನು ಅಂತ. ಬರ್ತೇವಿ ಅಂತ ಹೇಳ್ಯಾರ ಅಂದಾರ ಹಾಲಿನ ಮಾಲಕರು. ಬರೋವ್ರು ನೀವೇ, ಹೊಂಟವ್ರೂ ನೀವೇ ಏನು?"

ಎದುರು ಸೀಟಿನಲ್ಲಿದ್ದ ನನಗೆ ಪ್ರತಿಯೊಂದು ಮಾತೂ ಕೇಳಿತು. ಏನಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಹೊರಟವರ ಬೆನ್ನಿಗೆ "ಹೋದರು" ಎನ್ನಲು ಧಣಿಗಳಿಗೆ ಬಾಯಿ ಬರಲಿಲ್ಲ. ಹುಡುಗರು ಸಾಲಾಗಿ ನಿಂತು ಹೇಳಿದ್ದನ್ನೇ ಅವರು ಹೇಳಿದ್ದಾರೆ, "ಬರ್ತೇವೆ ಎಂದು ಹೇಳಿದ್ದಾರೆ." ನಮ್ಮವರು ಕೇಳಿದ್ದರೆ ಹೊರಟರು ಎಂದು ತಿಳಿಯುತ್ತಿದ್ದರು. ಅಲ್ಲಿ ಕೂತವರು ದಿನವಿಡೀ ಅದೇ ಪ್ರಶ್ನೆ ಕೇಳಿ ಸುಸ್ತಾದವರು, ಬರುತ್ತಾರೆ ಎಂದು ಒತ್ತಿಬಿಟ್ಟಿದ್ದಾರೆ.

ಮ್ಯಾನೇಜರ್ ವಿವರಿಸಿದ. ಸಾಹೇಬರು ಕೆಟ್ಟವರಲ್ಲ. "ನಮ್ಮ ಕಡೀನೂ ಹೋಗಿ ಬರ್ತೀನಿ ಅಂತೀವ್ರೀ, ನನಗ ತಿಳೀತು. ಆದ್ರ ನಾ ತಿದ್ದಾಕ ಬರಂಗಿಲ್ಲ. ಅವರ ಮತ್ತ ಕೇಳಿ ತಿದ್ದಬೇಕು" ಎಂದು ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿದರು. ಅದು ಬಹಳ ಹೊತ್ತು ಎಂಗೇಜ್. ಕೊನೆಗೆ ಸಿಕ್ಕಿತು. ಅವರು ಹಾಲಿಗೆ ಇನ್ನೊಮ್ಮೆ ಫೋನ್ ಮಾಡಿದರು. ನಾವು ಕಾದೆವು. ಮಳೆ ಜೋರಾಯಿತು. ಘಟ್ಟದಿಂದ ಇಳಿದು ಬರುವ ತರಕಾರಿ ಗಾಡಿಗಳ ಲೈಟು ಮಂಜಿನಲ್ಲಿ ಹಳದಿ ಹಳದಿ ಕಾಣುತ್ತಿತ್ತು. ಉತ್ತರ ಬಂತು: ಮಾಲಕರು ಮತ್ತೆ ಅದನ್ನೇ ಹೇಳುತ್ತಾರೆ. ಹೋದರೋ ಇಲ್ಲವೋ ಒಂದು ಮಾತು ಹೇಳಿ ಎಂದರೆ, "ಬರ್ತೇವೆ ಎಂದಿದ್ದಾರೆ, ನನ್ನನ್ನು ಹೆಚ್ಚು ಕೇಳಬೇಡಿ" ಎಂದು ಇಟ್ಟರಂತೆ.

ಮ್ಯಾನೇಜರ್ ತಾನೇ ಧಣಿಗಳಿಗೆ ಫೋನ್ ಮಾಡಿ ಕಿರುಚಿದ. ಅಲ್ಲಿಂದ ಫೋನ್ ಕಟ್. ಅವನು ಟೆಂಪೊದ ಬಾಗಿಲಿಗೆ ಕೈಯಿಂದ ಗುದ್ದಿ, "ಮುದುಕನಿಗೆ ಮಂಡೆ ಸರಿ ಇಲ್ಲ! ಒಂದು ಶಬ್ದ! ಒಂದು ಶಬ್ದಕ್ಕೆ ಇಡೀ ತಂಡ ಮುಳುಗಿತಲ್ಲ ಮಾರಾಯ!" ಎಂದ.

ಒಡಿಶಾದ ಹುಡುಗ ಬಡವಾಪುಂಡು ಎನ್ನಲಿಲ್ಲ. ಕ್ಯಾಪ್ಟನ್ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ. ಗಂಟೆಗಳು ಹೋದವು. ಗೇಟು ಮುಚ್ಚಲು ಹೆಚ್ಚು ಹೊತ್ತಿಲ್ಲ ಎಂದು ಪೊಲೀಸಿನವ ಬಂದು ಹೇಳಿದ.

ಆಗ ನಾನು ಇಳಿದೆ. ನಿರ್ಧಾರ ಎಂದು ಕರೆಯುವಷ್ಟು ಯೋಚನೆ ಮಾಡಿದ್ದೆ ಎಂದು ನನಗೆ ನೆನಪಿಲ್ಲ. ಕೂತು ಕೂತು ಆಯಾಸವಾಗಿತ್ತು, ಅಷ್ಟೆ. ಮ್ಯಾನೇಜರ್ ಹತ್ತಿರ, "ಧಣಿಗಳ ಮಂಡೆ ಸರಿ ಉಂಟು. ಫೋನ್ ಹಚ್ಚಿ ನನಗೆ ಕೊಡಿ" ಎಂದೆ. ಅವನು ನನ್ನನ್ನು ನೋಡಿದ. ಅಷ್ಟು ದಿನದಲ್ಲಿ ನಾನು ಅವನಲ್ಲಿ ಉಪ್ಪು ಮುಗಿಯಿತು, ಎಣ್ಣೆ ಬೇಕು ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ. ಧಣಿಗಳ ಹತ್ತಿರವಂತೂ ಒಮ್ಮೆಯೂ ನೇರ ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಹಿಂದಿನಿಂದ.

ಫೋನ್ ಎತ್ತಿದರು. ಮಳೆಯ ಸದ್ದಿಗೆ ನಾನು ಸೆರಗನ್ನು ತಲೆಗೂ ಫೋನಿಗೂ ಸೇರಿಸಿ ಹೊದ್ದುಕೊಂಡೆ.

"ಧಣಿಗಳೇ, ನಾನು. ಅಡುಗೆಯವಳು."

"ಹುಡುಗರದ್ದು ಊಟ ಆಯ್ತಾ?" ಎಂದರು.

"ಆಗಲಿಲ್ಲ. ಚಾರ್ಮಾಡಿ ಗೇಟಿನಲ್ಲಿ ನಿಲ್ಲಿಸಿದ್ದಾರೆ. ನೀವು ಆ ಒಂದು ಮಾತು ಹೇಳದೆ ಬಿಡುವುದಿಲ್ಲವಂತೆ."

"ಹೊರಟ ಮಕ್ಕಳ ಬೆನ್ನಿಗೆ ಆ ಮಾತು ಆಡಬಾರದು. ನಿಮಗೆ ಗೊತ್ತುಂಟು."

"ಗೊತ್ತುಂಟು ಧಣಿಗಳೇ."

"ಮತ್ತೆ?"

"ಅಪಶಕುನ ಆದರೆ ನನಗೆ ತಟ್ಟಲಿ. ನಾನು ಹೇಗೂ ಬೊಟ್ಟಿಲ್ಲದವಳು, ನನಗೆ ಇನ್ನೇನು ಆಗಲಿಕ್ಕುಂಟು? ಇವತ್ತು ದಾಟದಿದ್ದರೆ ಈ ಮಕ್ಕಳು ಎಲ್ಲಿಗೂ ಬರುವವರಲ್ಲ, ಎಲ್ಲಿಗೂ ಹೋಗುವವರಲ್ಲ. ಒಂದು ಸಲ ಹೇಳಿ. ನಾನು ಕಿವಿ ಮುಚ್ಚಿಕೊಳ್ಳುತ್ತೇನೆ."

"ಆ ಸಾಹೇಬರ ಹತ್ತಿರ ಕೊಡಿ" ಎಂದರು.

ಸಾಹೇಬರು ಕಂಟ್ರೋಲ್ ರೂಮಿನವರನ್ನೂ ಇನ್ನೊಂದು ಫೋನಿನಲ್ಲಿ ಹಿಡಿದು, ಎರಡನ್ನೂ ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಎದುರುಬದುರು ಇಟ್ಟರು.

"ಹೇಳ್ರಿ ಯಜಮಾನ್ರ, ಆ ತಂಡದವರು?"

"ಹೋದರು" ಎಂದರು ಧಣಿಗಳು.

"ಯಾವಾಗ?"

"ಬೆಳಿಗ್ಗೆ ಹೋದರು."

"ಎಲ್ಲಾರೂ?"

"ಎಲ್ಲರೂ ಹೋದರು. ಇಲ್ಲಿ ಯಾರೂ ಇಲ್ಲ. ನಾನೊಬ್ಬನೇ ಇರುವುದು."

ಕಿವಿ ಮುಚ್ಚಿಕೊಳ್ಳುತ್ತೇನೆ ಎಂದಿದ್ದೆ, ಮುಚ್ಚಿಕೊಳ್ಳಲು ಮರೆತಿದ್ದೆ.

ಪಾಸು ಬಿಟ್ಟುಕೊಡಲು ಮತ್ತೆ ಸ್ವಲ್ಪ ಹೊತ್ತಾಯಿತು. ಸಾಹೇಬರು ಒಬ್ಬೊಬ್ಬರ ವರದಿಯನ್ನೂ ಹೊಸತಾಗಿ ನೋಡುತ್ತಾ ಬಂದು ನನ್ನದರ ಹತ್ತಿರ ನಿಂತರು. "ಅಮ್ಮಾರದು ಎಪ್ಪತ್ತೆರಡು ತಾಸು ಮುಗಿದು ಹೋಗೇತಲ್ರೀ" ಎಂದರು. ಹುಡುಗರಿಗೆ ಒಲೆ ತಡವಾಗಬಾರದು ಎಂದು ನನ್ನದನ್ನು ಮೊದಲು ತೆಗೆದಿದ್ದರಲ್ಲ. ಗೇಟಿಗೆ ಮುಟ್ಟುವಾಗ ಅವಧಿ ಇತ್ತು, ಕಾಯುವಾಗ ಮುಗಿಯಿತು. ಹುಡುಗರದ್ದು ಇನ್ನೂ ಸ್ವಲ್ಪ ಉಳಿದಿತ್ತು. ಮ್ಯಾನೇಜರ್ ಬೇಡಿಕೊಳ್ಳಲು ಬಾಯಿ ತೆರೆದ. ನಾನು ಕೈ ಅಡ್ಡ ಮಾಡಿದೆ. ಇನ್ನೊಮ್ಮೆ ಫೋನು, ಇನ್ನೊಮ್ಮೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಗೇಟಿನಿಂದಲೂ ಆಗುತ್ತಿರಲಿಲ್ಲ.

ಬುಟ್ಟಿಯನ್ನು ಕ್ಯಾಪ್ಟನ್ ಕೈಗೆ ದಾಟಿಸಿದೆ. "ಎಲೆ ತಿನ್ನುವಾಗಲೇ ಬಿಚ್ಚಿ. ಬೆಳಗ್ಗಿನದ್ದಕ್ಕೆ ಕೆಳಗಿನ ಸಾಲು. ಹುರುಳಿ ಪುಡಿಗೆ ಎಣ್ಣೆ ಬಾಟ್ಲಿಯಲ್ಲಿ ಉಂಟು. ಬೆಳಕಿರುವಾಗಲೇ ಉಣ್ಣಿ" ಎಂದೆ.

"ಘಟ್ಟ ಹತ್ತಿದ ಮೇಲೂ ಧಣಿಗಳ ಕಾನೂನಾ ಅಮ್ಮ?" ಎಂದು ಅವನು ನಕ್ಕ. ಕಣ್ಣು ನಗಲಿಲ್ಲ.

ಟೆಂಪೊ ಹೊರಡುವಾಗ ನಾನು ಬದಿಗೆ ಸರಿದು ತಗಡಿನ ಮರೆಗೆ ನಿಂತೆ. ಅವರು ಬಿಡಲಿಲ್ಲ. ಕಿಟಕಿಗಳು ಒಂದೊಂದಾಗಿ ತೆರೆದವು. ಮಳೆ ಒಳಗೆ ಹೊಡೆಯುತ್ತಿದ್ದರೂ ತಲೆ ಹೊರಗೆ ಹಾಕಿ, ಒಡಿಶಾದವ, ಬಂಗಾಳದವ, ಮರಾಠಿ ಹುಡುಗರು ಎಲ್ಲರೂ, "ಬರ್ಪ ಅಮ್ಮ! ಬರ್ಪ!" ಎಂದು ಕೂಗಿದರು. ಗೇಟಿನ ಪೊಲೀಸಿನವ ಕೂಡ ಕೈ ಬೀಸಿದ. ಮೊದಲ ತಿರುವಿನಲ್ಲಿ ಮಂಜು ಅವರನ್ನು ನುಂಗಿತು.

ಸಾಹೇಬರು ನನ್ನನ್ನು ಮೂಡುಬಿದಿರೆಗೆ ಇಳಿಯುವ ಒಂದು ತರಕಾರಿ ಪಿಕಪ್ಪಿನಲ್ಲಿ ಕೂರಿಸಿದರು. ಕೊತ್ತಂಬರಿ, ಕೋಸಿನ ವಾಸನೆಯಲ್ಲಿ ನಾನು ಬೆಳ್ತಂಗಡಿಯವರೆಗೆ ನಿದ್ದೆ ಮಾಡಿದೆನಂತೆ.

ಹಾಲಿಗೆ ಬಂದಾಗ ಧಣಿಗಳು ಜಗಲಿಯಲ್ಲಿ ಕೂತಿದ್ದರು. "ದಾಟಿದರಾ?" ಎಂದು ಕೇಳಿದರು. "ದಾಟಿದರು" ಎಂದೆ. ಬಾಗಿಲ ಮರೆಗೆ ಹೋಗದೆ, ಎದುರಿಗೆ ನಿಂತು ಹೇಳಿದೆ.

ಶನಿವಾರ ಸಂಜೆ ಕ್ಯಾಪ್ಟನ್ ಫೋನ್ ಮಾಡಿದ. ಮೈದಾನಕ್ಕೆ ಸಮಯಕ್ಕೆ ಮುಟ್ಟಿದ್ದರು. ಆಡಿದ್ದರು. ಸೋತಿದ್ದರು. "ಹೇಗೆ ಸೋತೆವು ಅಂತ ಕೇಳಬೇಡಿ ಅಮ್ಮ, ಕೋಣ ಹಗ್ಗ ಹಿಡಿದವನನ್ನು ಎಳೆದ ಹಾಗೆ ನಮ್ಮನ್ನು ಎಳೆದುಕೊಂಡು ಹೋದರು." ಆದರೆ ಮೈದಾನಕ್ಕೆ ಬಂದಿದ್ದರು, ಸೀಟಿ ಊದುವಾಗ ಅಲ್ಲಿದ್ದರು. ತಂಡ ಕೂಟದಲ್ಲಿ ಉಳಿಯಿತು. ಕೇರಳಕ್ಕೆ ಅವರು ಆ ಕಡೆಯಿಂದಲೇ, ಬೇರೆ ದಾರಿ ಹಿಡಿದು ಹೋಗುವವರಿದ್ದರು. ಅವನ ಅಮ್ಮ ಮಂಜೇಶ್ವರದಲ್ಲಿ ಮೀನು ತಂದು ಕಾಯುತ್ತಿದ್ದಾರಂತೆ. ಮೂಡುಬಿದಿರೆಗೆ ಬರುವ ದಾರಿ ಇನ್ನು ಇರಲಿಲ್ಲ. ಇಡುವಾಗ "ಬರ್ತೇನೆ ಅಮ್ಮ" ಎಂದ. ನಿಮಗೆ ಸೌತೆಕಾಯಿಯ ಹಾಗೆ ಕಾಣುವ, ಅಟ್ಟದಲ್ಲಿರುವ ಆ ಚೆಂಡು ಅವನು ಆಮೇಲೆ ಯಾರದೋ ಕೈಯಲ್ಲಿ ಕಳಿಸಿದ್ದು.

ಸೋಮವಾರ ಕರ್ಫ್ಯೂ ಬಿಟ್ಟ ಮೇಲೆ ನಾನು ಮನೆಗೆ ಹೊರಡುವುದಿತ್ತು. ಪಾತ್ರೆಗಳನ್ನು ಉಜ್ಜಿ ಕವುಚಿ ಹಾಕುತ್ತಿದ್ದೆ. ಜಗಲಿಯಲ್ಲಿ ಆ ಮೊಬೈಲು ರಿಂಗಾಯಿತು. ಧಣಿಗಳು ಎತ್ತಿದರು. ಆ ಕಡೆಯವರು ಮದುವೆಗೆ ಹಾಲ್ ಕೇಳುವವರು ಇರಬೇಕು, ಧ್ವನಿ ಇಲ್ಲಿಯವರೆಗೆ ಕೇಳುತ್ತಿತ್ತು, "ಅಕ್ಕ ಇಲ್ಲವಾ?"

ನಾನು ಕೈಯಲ್ಲಿದ್ದ ಸೌಟನ್ನು ಸದ್ದಾಗದ ಹಾಗೆ ಕೆಳಗಿಟ್ಟೆ.

"ಅವಳು ಹೋದಳು" ಎಂದರು ಧಣಿಗಳು. "ಬೇಸಗೆಯಲ್ಲಿ ಹೋದಳು. ನಾನು ಅವಳ ಗಂಡ ಮಾತಾಡುವುದು. ಯಾವ ತಾರೀಕಿಗೆ ಬೇಕಿತ್ತು ಹೇಳಿ."